ಶೇಂಗಾ ಅಲ್ಲಾಡಿಸಿದಾಗ ಅರ್ಥವಾದ ಪಾಠ

ಫಿಲಾಸಫಿ ಎಂ.ಎ. ಓದುವಾಗ ಬುನಾದಿವಾದ, ಅಂದರೆ ನಮ್ಮ ತಿಳಿವಳಿಕೆ ಬೇರೆ ಕಾರಣ ಬೇಡದ ಕೆಲವು ನಂಬಿಕೆಗಳ ಮೇಲೆ ನಿಂತಿದೆ ಅನ್ನುವ ವಾದ, ನನಗೆ ಬೇಗ ತಲೆಗೆ ಹತ್ತಿತು. ಒಂದು ನಂಬಿಕೆಗೆ ಕಾರಣ ಕೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಲ್ಲಬೇಕು. ಕಂಡದ್ದು, ಕೇಳಿದ್ದು, ಮುಟ್ಟಿ ತಿಳಿದದ್ದು, ಅಲ್ಲಿ ನಿಲ್ಲುತ್ತೇವೆ. ದುರ್ಗದವನಿಗೆ ಇದು ಕಷ್ಟವೇ? ನಮ್ಮ ಕೋಟೆ ಎದ್ದಿರುವುದೇ ಬಂಡೆ ಮೇಲೆ.

ತೊಡಕಾಗಿದ್ದು ವರ್ಚ್ಯೂ ಎಪಿಸ್ಟಮಾಲಜಿ, ಅಂದರೆ ತಿಳಿಯುವವನ ಸಾಮರ್ಥ್ಯದಿಂದ ಜ್ಞಾನವನ್ನು ವಿವರಿಸುವ ವಾದ. ಅಮೆರಿಕದ ತತ್ವಜ್ಞಾನಿ ಅರ್ನೆಸ್ಟ್ ಸೋಸಾ 1980ರ ಲೇಖನದಲ್ಲಿ ಬುನಾದಿವಾದವನ್ನು ಪಿರಮಿಡ್ ಅಂದರು. ನಂಬಿಕೆಗಳು ಒಂದನ್ನೊಂದು ಹಿಡಿದುಕೊಂಡು ನಿಂತಿವೆ ಅನ್ನುವ ವಾದವನ್ನು ತೆಪ್ಪ ಅಂದರು. ಇವೆರಡಕ್ಕಿಂತ ಆಳದಲ್ಲಿ ತಿಳಿಯುವವನ ಸಾಮರ್ಥ್ಯ ಇದೆ ಅನ್ನುವುದು ಅವರ ಮಾತು. ಹಾಗಾದರೆ ಬುನಾದಿ ಬೇಡ ಅಂತ ಪರೀಕ್ಷೆಯಲ್ಲಿ ಬರೆದುಬಿಟ್ಟೆ. ತಪ್ಪು.

ಆ ರಜೆಯಲ್ಲಿ ಸೋದರಮಾವನ ಜೊತೆ ಚಳ್ಳಕೆರೆ ಮಾರುಕಟ್ಟೆಗೆ ಹೋಗುತ್ತಿದ್ದೆ. ಮಾವ ಶೇಂಗಾ ಕೊಳ್ಳುತ್ತಿದ್ದರು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದರು. "ಇನ್ನೂ ಹಸಿ ಐತೆ. ಎರಡು ಬಿಸಿಲು ಬೇಕು" ಅನ್ನುತ್ತಿದ್ದರು. ಅದೇ ಸದ್ದು ನನ್ನ ಕಿವಿಗೂ ಬೀಳುತ್ತಿತ್ತು. ನನಗೆ ಏನೂ ತಿಳಿಯುತ್ತಿರಲಿಲ್ಲ. ಒಮ್ಮೆ ನಾನೂ "ಒಣಗೈತೆ ಮಾವ" ಅಂದೆ. ಸರಿಯಾಗಿಯೇ ಇತ್ತು. "ಹೆಂಗ್ ಗೊತ್ತಾತೋ?" ಅಂದರು. ಸುಮ್ನೆ ಅಂದಿದ್ದೆ ಅಷ್ಟೆ.

ಗಂಟು ಬಿಚ್ಚಿದ್ದು ಆ ಪ್ರಶ್ನೆಯಿಂದ. ಮಾವ ತರ್ಕ ಮಾಡಲಿಲ್ಲ, ಕೇಳಿದರು, ತಿಳಿದರು. ಅಂದರೆ ಅದು ಬುನಾದಿಯೇ. ಆದರೆ ಬರೀ ಸದ್ದೇ ಬುನಾದಿಯಾಗಿದ್ದರೆ ನನಗೂ ತಿಳಿಯಬೇಕಿತ್ತಲ್ವಾ? ಸದ್ದಿಗೆ ಆ ಬಲ ಕೊಟ್ಟದ್ದು ಅವರ ಪಳಗಿದ ಕಿವಿ. ನನ್ನ ಮಾತು ನಿಜವಾಗಿತ್ತು, ಸಾಮರ್ಥ್ಯದಿಂದ ನಿಜವಾಗಿರಲಿಲ್ಲ. ಸೋಸಾ ಅದನ್ನು ಜ್ಞಾನ ಅನ್ನುವುದಿಲ್ಲ.

1942ರಲ್ಲಿ ಅಮೆರಿಕದ ತತ್ವಜ್ಞಾನಿ ರೋಡ್ರಿಕ್ ಚಿಸಮ್ ಚರ್ಚಿಸಿದ ಚುಕ್ಕೆ ಕೋಳಿಯ ಸಮಸ್ಯೆಯೂ ಆಗಲೇ ಅರ್ಥವಾಯಿತು. ಕೋಳಿ ಮೈಮೇಲಿನ ಚುಕ್ಕೆಗಳೆಲ್ಲ ಕಣ್ಣಿಗೆ ಕಾಣುತ್ತವೆ. ಮೂರಿದ್ದರೆ ಒಂದೇ ನೋಟಕ್ಕೆ ಹೇಳುತ್ತೇವೆ. ನಲವತ್ತೆಂಟಿದ್ದರೆ ಆಗುವುದಿಲ್ಲ. ಕಾಣುವುದು ಎರಡೂ ಕಡೆ ಇದೆ. ಎಣಿಸದೆ ಗುರುತಿಸುವ ಶಕ್ತಿ ನಮಗೆ ಮೂರು ಚುಕ್ಕೆಗೆ ಮಾತ್ರ ಇದೆ. ಬುನಾದಿವಾದಿಗಳಿಗೆ ಸೋಸಾ ಕೇಳಿದ್ದೂ ಇದನ್ನೇ: ಎರಡೂ ಕಾಣುತ್ತವಲ್ಲ, ಒಂದು ಮಾತ್ರ ಬುನಾದಿಯಾಗುವುದು ಹೇಗೆ?

ಈಗ ಈ ಪಾಠದ ದಿನ ಕ್ಲಾಸಿನಲ್ಲಿ ಶೇಂಗಾ ಹಂಚುತ್ತೇನೆ, ಅರ್ಧ ಹಸಿ, ಅರ್ಧ ಒಣಗಿದ್ದು. ಹೊಲದ ಕೆಲಸ ಗೊತ್ತಿರುವ ಮಕ್ಕಳು ಅಲ್ಲಾಡಿಸಿದ ಕೂಡಲೇ ಹೇಳಿಬಿಡುತ್ತಾರೆ. ಉಳಿದವರು ಸುಮ್ಮನಿರುತ್ತಾರೆ. ಅವರನ್ನು ಕೇಳುತ್ತೇನೆ: ನಿಮಗೂ ಅದೇ ಸದ್ದು ಕೇಳಿಸಿತಲ್ವಾ?