ನಲ್ಲಿಯ ಗುಂಯ್ ಸದ್ದು ನಿಂತ ಬಗೆ: ನನ್ನ ಅನುಭವ

ನಮ್ಮ ಬೆಂಗಳೂರಿನ ಮನೆಯ ಬಚ್ಚಲಿನ ಬೇಸಿನ್‌ಗೆ ಇರುವುದು ಹಳೆ ಹಿತ್ತಾಳೆ ಪಿಲ್ಲರ್ ಕಾಕ್, ಅಂದರೆ ಬೇಸಿನ್ ಮೇಲೆ ನೆಟ್ಟಗೆ ನಿಲ್ಲುವ ನಲ್ಲಿ. ಅರ್ಧ ತಿರುವಿದರೆ ಸಾಕು, ಗುಂಯ್ ಅಂತ ಗೋಡೆಯೇ ಅದುರುತ್ತಿತ್ತು. ಪೂರ್ತಿ ಬಿಟ್ಟರೆ ಸದ್ದಿಲ್ಲ. ಬೆಳಿಗ್ಗೆ ಐದಕ್ಕೆ ಅಮ್ಮ ಮುಖ ತೊಳೆದರೆ ಇಡೀ ಮನೆಗೆ ಎಚ್ಚರ.

ಪ್ಲಂಬರ್ ನೋಡಿದವರೇ, "ಹೊಸದು ಹಾಕಿಸಿ ಸಾರ್, ಇದು ರಿಪೇರಿ ಆಗಲ್ಲ" ಅಂದರು. ಕೂಲಿ ಸೇರಿ ಎರಡು ಸಾವಿರದ ಹತ್ತಿರ. ಮನೆಯವರೂ ಹೂಂ ಅಂದರು. ನಾನು ಒಪ್ಪಲಿಲ್ಲ. ಇಷ್ಟು ತೂಕದ ಹಿತ್ತಾಳೆ ಈಗೆಲ್ಲಿ ಸಿಗುತ್ತೆ?

ಮೊದಲು ಬೇಸಿನ್ ಕೆಳಗೆ ಗೋಡೆಯಲ್ಲಿರುವ ಆಂಗಲ್ ಕಾಕ್ (ನಲ್ಲಿಗೆ ನೀರು ಬಿಡುವ ಪುಟ್ಟ ವಾಲ್ವ್) ಅರ್ಧ ಮುಚ್ಚಿದೆ. ಗುಂಯ್ ಹೋಗಿ ಅಲ್ಲೇ ಸಿಳ್ಳೆ ಶುರುವಾಯ್ತು. ಕನೆಕ್ಷನ್ ಪೈಪ್ ಬದಲಾಯಿಸಿದೆ, ನೂರೆಂಬತ್ತು ರೂಪಾಯಿ ನೀರಿಗೆ ಹಾಕಿದ ಹಾಗೆ. ಪ್ರೆಷರ್ ಪಂಪ್ ಆಫ್ ಮಾಡಿದೆ. ಟ್ಯಾಂಕ್ ಸುಮಾರು 20 ಅಡಿ ಮೇಲಿದೆ, ಆ ಒತ್ತಡಕ್ಕೂ ಸಣ್ಣಗೆ ಗುಂಯ್ ಅಂತಿತ್ತು. ಹಾಗಾದರೆ ದೋಷ ನಲ್ಲಿಯ ಒಳಗೇ ಅಲ್ವಾ?

ಸ್ಪಿಂಡಲ್, ಅಂದರೆ ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿ, ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದೆ. ಟಿಕ್ ಟಿಕ್ ಅಂತು. ಅದರ ತುದಿಯಲ್ಲಿ ವಾಷರ್ ಹಿಡಿದಿರುವ ತುಣುಕು, ಜಂಪರ್, ಸಡಿಲ. ವಾಷರ್ ಕಲ್ಲಿನಂತೆ ಗಟ್ಟಿ, ನಡುವೆ ಉಂಗುರದ ಹಾಗೆ ಕೊರೆದ ಗೆರೆ, ಒಂದು ಅಂಚು ಹರಿದಿತ್ತು. ಐದು ರೂಪಾಯಿಯ ಹೊಸ ವಾಷರ್ ಹಾಕಿದೆ. ಎರಡು ದಿನ ಮೌನ, ಮೂರನೇ ದಿನ ಮತ್ತೆ ಅದೇ ರಾಗ. ಆಗ ಮನೆಯಲ್ಲಿ ಎಲ್ಲರೂ "ಹೇಳಿದ್ದೆವಲ್ಲ" ಅಂದರು.

ನಡುವೆ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ನೋಡಿದೆ. ಸದ್ದು ಪೂರ್ತಿ ನಿಂತಿತು. ಆದರೆ ಹತ್ತು ದಿನದಲ್ಲಿ ರಬ್ಬರ್ ಉಬ್ಬಿ, ನೀರು ನೂಲಿನಷ್ಟು ಬಂತು. ಮೆತ್ತಗಿನ ರಬ್ಬರ್‌ಗೆ ಸದ್ದು ಅಡಗುತ್ತೆ ಅನ್ನೋದಂತೂ ಗೊತ್ತಾಯ್ತು.

ಆಮೇಲೆ ಕಿರುಬೆರಳು ಹಾಕಿ ಸೀಟ್, ಅಂದರೆ ನಲ್ಲಿಯೊಳಗೆ ವಾಷರ್ ಒತ್ತಿ ಕೂರುವ ಅಂಚು, ಮುಟ್ಟಿ ನೋಡಿದೆ. ಮರಳಿನ ಹಾಗೆ ಒರಟು. ನಮ್ಮದು ಬೋರ್‌ವೆಲ್ ನೀರು, ಬಿಳಿ ಉಪ್ಪು ಕಟ್ಟಿತ್ತು. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ಬಟ್ಟೆ ಅದ್ದಿ ಒಂದು ಗಂಟೆ ತುರುಕಿಟ್ಟೆ. ಪೆನ್ಸಿಲ್ ತುದಿಗೆ ನುಣುಪು ಎಮರಿ (ಉಜ್ಜುವ ಕಾಗದ) ಸುತ್ತಿ, ಒತ್ತದೆ ಒಂದೇ ದಿಕ್ಕಿಗೆ ತಿರುಗಿಸಿದೆ. ಹೊಸ ವಾಷರ್ ಹಾಕಿ, ಅದರ ನಡುವಿನ ತಿರುಪು ಬಿಗಿ ಮಾಡಿದೆ. ಜಂಪರ್ ಅಲುಗದಂತೆ ಅದರ ಕಡ್ಡಿಗೆ ಏನು ಸುತ್ತಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಪ್ಲಂಬರ್‌ಗಳು ಸುತ್ತುವ ಟೆಫ್ಲಾನ್ ಟೇಪ್ ಅಲ್ಲ.

ಎಂಟು ತಿಂಗಳಾಯ್ತು. ಪಂಪ್ ಹಾಕಿ ಕಾಲು ತಿರುವಿದರೂ, ಅರ್ಧ ತಿರುವಿದರೂ ಸದ್ದಿಲ್ಲ. ಆ ಪೈಪ್ ಸೇರಿ ಒಟ್ಟು ಇನ್ನೂರೈವತ್ತು ರೂಪಾಯಿ ಆಗಿರಬಹುದು. ಮೊನ್ನೆ ಪಕ್ಕದ ಮನೆಯವರು ತಮ್ಮ ಸ್ಪಿಂಡಲ್ ಹಿಡಿದು ನನ್ನ ಹತ್ತಿರವೇ ಬಂದರು.