ಕೊನೆಯ ಪುಟ ಖಾಲಿ ಬಿಟ್ಟ ಚಿತ್ರಪುಸ್ತಕ: ನನ್ನ ಅನುಭವ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಚಿತ್ರಪುಸ್ತಕದ ಮೂಲಕ ಜವಾಬ್ದಾರಿ ಕಲಿಸುತ್ತೇನೆ ಎಂದಾಗ, ಕತೆ ಕೇಳಿ ಚಪ್ಪಾಳೆ ತಟ್ಟುವವರು ಮಕ್ಕಳು, ಆಮೇಲೆ ಆಟಿಕೆ ಎತ್ತಿಡುವವರು ನಾವೇ ಎಂದು ಜೊತೆಯ ಶಿಕ್ಷಕಿಯರು ನಕ್ಕಿದ್ದರು. ಮೊದಲ ವರ್ಷ ನಡೆದದ್ದೂ ಹಾಗೆಯೇ. ಪುಸ್ತಕಗಳಿಗೆಂದು ಇಟ್ಟಿದ್ದ ಹಣದ ಮುಕ್ಕಾಲು ಪಾಲು ಗಟ್ಟಿ ರಟ್ಟಿನ, ಹೊಳೆಯುವ ಪುಟಗಳ ನೀತಿಕತೆಗಳಿಗೆ ಹೋಯಿತು. ಬಹುತೇಕ ಎಲ್ಲವೂ ಒಂದೇ ಅಚ್ಚಿನವು: ಚಡ್ಡಿ ತೊಟ್ಟ ಕರಡಿಮರಿ ಆಟಿಕೆಗಳನ್ನು ಹರಡಿಕೊಳ್ಳುತ್ತದೆ, ಎಡವಿ ಬೀಳುತ್ತದೆ, ತಾಯಿಯ ಬುದ್ಧಿಮಾತು ಕೇಳಿ ತಿದ್ದಿಕೊಳ್ಳುತ್ತದೆ. ಮಕ್ಕಳಿಗೆ ಬೇಕಾದದ್ದು ಬೀಳುವ ಪುಟ ಮಾತ್ರ. ಅದನ್ನೇ ಮತ್ತೆ ಮತ್ತೆ ಓದಿಸಿಕೊಂಡು ನಕ್ಕರು. ಪ್ರಾಣಿಪಾತ್ರಗಳ ಕತೆಗಿಂತ ಮನುಷ್ಯಪಾತ್ರಗಳ ಕತೆ ಕೇಳಿದ ಮಕ್ಕಳು ತಮ್ಮಲ್ಲಿದ್ದುದನ್ನು ಹೆಚ್ಚು ಹಂಚಿಕೊಂಡರೆಂದು ಟೊರಾಂಟೊದ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದನ್ನು ನಾನು ಓದುವ ಹೊತ್ತಿಗೆ ಕರಡಿಗಳಿಗೆ ಸುರಿದ ಹಣ ಕೈಬಿಟ್ಟುಹೋಗಿತ್ತು.

ಹೀಗಾಗಿ ಪುಸ್ತಕವನ್ನು ನಾನೇ ಮಾಡಲು ಕುಳಿತೆ. ಎ4 ಅಳತೆಯ 4 ಹಾಳೆಗಳನ್ನು ನಡುವೆ ಮಡಚಿದರೆ 16 ಪುಟಗಳಾಗುತ್ತವೆ. ಅಚ್ಚಾದ ಚಿತ್ರಪುಸ್ತಕಗಳಲ್ಲಿ ವಾಡಿಕೆಯಾಗಿರುವ 32 ಪುಟಗಳು ಈ ಕೆಲಸಕ್ಕೆ ಹೆಚ್ಚು. ಸ್ಟೇಪ್ಲರ್ ಪಿನ್ನಿನ ತುದಿ ಬೆರಳನ್ನು ಗೀರುವುದರಿಂದ ದಪ್ಪ ದಾರದಿಂದ ಹೊಲಿದೆ. ಎಲ್ಲ ಪುಟಗಳಿಗೂ ಲ್ಯಾಮಿನೇಷನ್ ಮಾಡಿಸಿದ ಪ್ರತಿ ಸೆಟೆದು ನಿಂತು, ಬೆಳಕು ಬಿದ್ದ ಕಡೆ ಚಿತ್ರವೇ ಕಾಣದಾಯಿತು. ಆ ಖರ್ಚು ಪೂರಾ ದಂಡ. ಈಗ ಲ್ಯಾಮಿನೇಷನ್ ರಕ್ಷಾಪುಟಕ್ಕೆ ಮಾತ್ರ, ಮತ್ತು ಅಂಗಡಿಯ ಒಂದು ಪುಸ್ತಕದ ಬೆಲೆಗೆ ಇಂಥವು ಹತ್ತು ಹನ್ನೆರಡಾದರೂ ಆಗುತ್ತವೆ.

ಫಲ ಕೊಟ್ಟದ್ದು ಗಿಡದ ಪುಸ್ತಕ. ಹುಡುಗಿಯೊಬ್ಬಳಿಗೆ ಕುಂಡವೊಂದನ್ನು ವಹಿಸಲಾಗುತ್ತದೆ, ಅವಳು ಆಟದಲ್ಲಿ ಮರೆಯುತ್ತಾಳೆ, ಎಲೆಗಳು ಜೋಲುತ್ತವೆ, ಅವಳು ನೀರಿನ ಮಗ್ಗನ್ನು ಕೈಗೆತ್ತಿಕೊಳ್ಳುತ್ತಾಳೆ. ಅಲ್ಲಿಗೆ ಕತೆ ನಿಲ್ಲುತ್ತದೆ. ಬೈಯುವ ದೊಡ್ಡವರು ಇಡೀ ಪುಸ್ತಕದಲ್ಲಿ ಇಲ್ಲ. ಕೊನೆಯ ಎರಡು ಪುಟಗಳು ಖಾಲಿ. ಪುಸ್ತಕವನ್ನು ಕಪಾಟಿನಲ್ಲಿಡದೆ, ನಿಜವಾದ ಕುಂಡಗಳ ಪಕ್ಕದಲ್ಲಿ ಮಕ್ಕಳ ಕೈಗೆಟಕುವ ಎತ್ತರಕ್ಕೆ ತೂಗುಹಾಕಿದೆ. ಸರದಿಯ ಮಗು ನೀರು ಹಾಕಿ ಬಂದು, ತಾನು ಮಾಡಿದ್ದನ್ನು ಹಾಳೆಯ ತುಂಡಿನಲ್ಲಿ ಬರೆದು ಖಾಲಿ ಪುಟಕ್ಕೆ ಅಂಟಿಸಬೇಕು. ಗಿಡದ ಆಯ್ಕೆಯಲ್ಲಿ ಎಚ್ಚರ ಬೇಕು: ಕಳ್ಳಿಯ ಜಾತಿಯವು ಬೇಡ, ಕೋಲಿಯಸ್‌ನಂತೆ ನೀರು ತಪ್ಪಿದರೆ ಬಾಡಿ, ಹಾಕಿದ ಕೆಲವೇ ಗಂಟೆಗಳಲ್ಲಿ ತಲೆಯೆತ್ತುವಂಥದ್ದು ಬೇಕು. ಉತ್ಸಾಹದಲ್ಲಿ ಮಕ್ಕಳು ಸುರಿದ ನೀರಿಗೆ ನಾಲ್ಕೈದು ಗಿಡಗಳ ಬೇರು ಕೊಳೆತ ಮೇಲೆ, ಹುಡುಗಿ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒದ್ದೆಯಿದ್ದರೆ ಮಗ್ಗನ್ನು ಕೆಳಗಿಡುವ ಚಿತ್ರವೊಂದನ್ನು ಸೇರಿಸಿದೆ. ಇಡೀ ಪುಸ್ತಕದಲ್ಲಿ ಜವಾಬ್ದಾರಿಯ ಅತ್ಯುತ್ತಮ ಪುಟ ಅದೇ ಎಂಬುದು ನನ್ನ ಅಭಿಪ್ರಾಯ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ಹದಿನೈದರಷ್ಟು ಮಂದಿಗೆ ನೆನಪಿಸುವ ಅಗತ್ಯವೇ ಉಳಿಯಲಿಲ್ಲ. ಊರಿಗೆ ಹೊರಟ ಮಗುವೊಂದು ತನ್ನ ಸರದಿಯನ್ನು ಗೆಳೆಯನಿಗೆ ಒಪ್ಪಿಸಿ, ಅವನಿಂದ ಮಣ್ಣು ಮುಟ್ಟಿಸಿ ತೋರಿಸಿಕೊಂಡು ಹೋಯಿತು. ಅಂದು ನಕ್ಕವರೇ ಈಗ ಪ್ರತಿ ಕೇಳುತ್ತಾರೆ, ಕೊಡುತ್ತೇನೆ. ಆದರೆ ಎಲೆ ಜೋಲಿದ ಪುಟವನ್ನು ತಿರುಗಿಸುವ ಮುನ್ನ ಮಕ್ಕಳಿಗೆ ನಾನು ಕೇಳುವ ಪ್ರಶ್ನೆ ಯಾವುದೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಡುವೆ, ಹುಡುಗಿಯ ಜಾಗದಲ್ಲಿ ಮಕ್ಕಳದೇ ಫೋಟೊ ಅಂಟಿಸಿ ನೋಡಿದೆ. ಎಲ್ಲರೂ ತಮ್ಮ ಮುಖ ಹುಡುಕುವುದರಲ್ಲಿ ಮುಳುಗಿ, ಬಾಡಿದ ಗಿಡವನ್ನು ಯಾರೂ ಗಮನಿಸಲಿಲ್ಲ. ಮಾತಿಲ್ಲದ, ಬರಿಯ ಚಿತ್ರಗಳ ಪ್ರತಿ ಮಾತ್ರ ಚಿಕ್ಕವರಲ್ಲಿ ಚೆನ್ನಾಗಿ ನಡೆಯುತ್ತಿದೆ. ಅದೇ ಅಳತೆಯಲ್ಲಿ ಆಟಿಕೆ ಎತ್ತಿಡುವ ಪುಸ್ತಕವೊಂದನ್ನು ಈಗ ಹೊಲಿಯುತ್ತಿದ್ದೇನೆ, ಕರಡಿಯಿಲ್ಲದೆ.