‘ಪವರ್ ಸೇವರ್’ ಕೊಳ್ಳುವ ಮೊದಲು ಮೀಟರಿನ ಮಿಣುಕು ಎಣಿಸಿ ನೋಡಿ

ಬೇಸಿಗೆಯ ಕರೆಂಟ್ ಬಿಲ್ ಕೈಗೆ ಬಂದ ವಾರದಲ್ಲೇ ಮೊಬೈಲಿನಲ್ಲಿ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಯೊಂದರ ಜಾಹೀರಾತು ಕಾಣಿಸಿಕೊಳ್ಳುವುದು ಹಲವರ ಅನುಭವ. ಯಾವುದಾದರೂ ಒಂದು ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಹಸಿರು ದೀಪ ಹೊತ್ತಿಕೊಂಡು ಮನೆಯ ಬಿಲ್ ಅರ್ಧಕ್ಕೆ ಇಳಿಯುತ್ತದೆ ಎಂಬುದು ಅದರ ಭರವಸೆ. ಕರ್ನಾಟಕದಲ್ಲಿ ಈ ಮಾತಿಗೆ ಮರುಳಾಗಲು ಇನ್ನೊಂದು ಕಾರಣವೂ ಇದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಹೀಗಾಗಿ 200ರ ಅಂಚಿನಲ್ಲಿರುವ ಮನೆಗೆ ಹತ್ತು ಯೂನಿಟ್ ಉಳಿಯುವುದೆಂದರೆ ಸಾವಿರ ರೂಪಾಯಿಗೂ ಮೀರಿದ ವಿಷಯ. ಆ ಆತಂಕವನ್ನು ತಿಳಿದೇ ಈ ಪೆಟ್ಟಿಗೆಗಳನ್ನು ಮಾರಲಾಗುತ್ತದೆ.

ಇಂಥ ಪೆಟ್ಟಿಗೆಯನ್ನು ಪರಿಶೀಲಿಸಲು ಮೊದಲು ತಿಳಿಯಬೇಕಾದದ್ದು ನಮ್ಮ ಮೀಟರ್ ಏನನ್ನು ಎಣಿಸುತ್ತದೆ ಎಂಬುದನ್ನು. ಗೃಹಬಳಕೆಯ ಮೀಟರ್ ಲೆಕ್ಕ ಹಾಕುವುದು ಯೂನಿಟ್ಟನ್ನು, ಅಂದರೆ ಕಿಲೋವ್ಯಾಟ್-ಗಂಟೆಯನ್ನು. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಫ್ಯಾನು, ಪಂಪು, ಮಿಕ್ಸಿಗಳಂಥ ಮೋಟಾರುಗಳು ಈ ನಿಜವಾದ ಕೆಲಸದ ವಿದ್ಯುತ್ತಿನ ಜೊತೆಗೆ, ತಮ್ಮ ಸುರುಳಿಯಲ್ಲಿ ಕಾಂತಕ್ಷೇತ್ರವನ್ನು ಕಟ್ಟಿಕೊಳ್ಳಲು ಇನ್ನಷ್ಟು ಪ್ರವಾಹವನ್ನು ಎಳೆದುಕೊಂಡು ಮರುಕ್ಷಣದಲ್ಲೇ ಲೈನಿಗೆ ಹಿಂದಿರುಗಿಸುತ್ತವೆ. ಕೈಗಡ ತಂದು ಕೂಡಲೇ ತೀರಿಸಿದ ಹಣದಂತೆ ಅದು ಓಡಾಡುತ್ತದೆಯೇ ಹೊರತು ಖರ್ಚಾಗುವುದಿಲ್ಲ, ಹಾಗಾಗಿ ಮೀಟರ್ ಅದನ್ನು ಯೂನಿಟ್ಟಿಗೆ ಸೇರಿಸುವುದೂ ಇಲ್ಲ. ಈ ಪೆಟ್ಟಿಗೆಗಳೊಳಗೆ ಸಾಮಾನ್ಯವಾಗಿ ಇರುವುದು ಚಾರ್ಜನ್ನು ಹಿಡಿದಿಟ್ಟು ಬಿಡುವ ಒಂದು ಸಣ್ಣ ಕೆಪಾಸಿಟರ್, ಒಂದೆರಡು ರೆಸಿಸ್ಟರ್ ಮತ್ತು ದೀಪ ಉರಿಸುವಷ್ಟು ಸರ್ಕ್ಯೂಟ್. ಕೆಪಾಸಿಟರ್ ನಿಜವಾಗಿ ಕೆಲಸ ಮಾಡಿದರೂ ಕಡಿಮೆಯಾಗುವುದು ಆ ಕೈಗಡದ ಓಡಾಟ ಮಾತ್ರ. ಗೀಸರ್, ಇಸ್ತ್ರಿಪೆಟ್ಟಿಗೆಗಳಂಥ ಕಾಯಿಸುವ ಉಪಕರಣಗಳಲ್ಲಂತೂ ಆ ಓಡಾಟವೇ ಇರುವುದಿಲ್ಲವಾದ್ದರಿಂದ ಸರಿಪಡಿಸಲು ಏನೂ ಉಳಿಯುವುದಿಲ್ಲ.

ಮಾರಾಟಗಾರರ ಮಾತು ಪೂರ್ತಿ ಕಟ್ಟುಕಥೆಯಲ್ಲ ಎಂಬುದರಿಂದಲೇ ವಿಷಯ ತುಸು ತೊಡಕಾಗಿದೆ. ಕಾರ್ಖಾನೆಗಳಲ್ಲಿ ಕೆಪಾಸಿಟರ್ ಬ್ಯಾಂಕುಗಳನ್ನು ಕೂರಿಸುವುದು ನಿಜ, ಅದರಿಂದ ಅವರಿಗೆ ಲಾಭವಿರುವುದೂ ನಿಜ. ಪವರ್ ಫ್ಯಾಕ್ಟರ್, ಅಂದರೆ ಎಳೆದುಕೊಂಡದ್ದರಲ್ಲಿ ನಿಜವಾದ ಕೆಲಸಕ್ಕೆ ಬಳಕೆಯಾಗುವ ಪಾಲು, ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಅಂಥ ಗ್ರಾಹಕರು ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ. ಮನೆಯ ಬಿಲ್ಲಿನಲ್ಲಿ ಅಂಥ ಶುಲ್ಕವಿಲ್ಲ. ಅನುಮಾನವಿದ್ದವರು ತಮ್ಮ ಬಿಲ್ಲನ್ನೇ ಬಿಡಿಸಿ ನೋಡಬಹುದು: ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕ, ಯೂನಿಟ್ ಲೆಕ್ಕದಲ್ಲಿ ವಿದ್ಯುತ್ ಶುಲ್ಕ, ಇಂಧನ ವೆಚ್ಚದ ಹೊಂದಾಣಿಕೆ ಮತ್ತು ತೆರಿಗೆ. ಇವುಗಳಲ್ಲಿ ನಿಗದಿತ ಶುಲ್ಕ ನೀವು ದೀಪವನ್ನೇ ಹಚ್ಚದಿದ್ದರೂ ಬರುವಂಥದ್ದು. ಆದ್ದರಿಂದ ಯಾವುದೋ ಸಾಧನ ‘ಬಿಲ್ಲಿನ ಮೊತ್ತವನ್ನು’ ಅರ್ಧ ಮಾಡುತ್ತದೆ ಎಂದು ಹೇಳುವವರು ಬಿಲ್ಲನ್ನು ಓದಿಲ್ಲ, ಇಲ್ಲವೇ ನಾವು ಓದುವುದಿಲ್ಲವೆಂದು ನಂಬಿದ್ದಾರೆ.

ಜಾಹೀರಾತಿನ ವಿಡಿಯೊದಲ್ಲಿ ಹೆಚ್ಚು ಜನ ನಂಬುವುದು ಕ್ಲ್ಯಾಂಪ್ ಮೀಟರಿನ ಪ್ರದರ್ಶನವನ್ನು. ಸಣ್ಣ ಮೋಟಾರೊಂದು ಓಡುತ್ತಿರುತ್ತದೆ, ತಂತಿಯ ಸುತ್ತ ಹಿಡಿದ ಮೀಟರ್ 1 ಆಂಪಿಯರ್ ತೋರಿಸುತ್ತದೆ, ಪೆಟ್ಟಿಗೆ ಸಿಕ್ಕಿಸಿದೊಡನೆ ಅದು 0.6ಕ್ಕೆ ಇಳಿಯುತ್ತದೆ. ನೋಡಿದವರಿಗೆ ನಲವತ್ತು ಶೇಕಡ ಉಳಿತಾಯ ಕಣ್ಣೆದುರೇ ನಡೆದಂತೆ ತೋರುತ್ತದೆ. ಲೆಕ್ಕ ಮಾಡಿದರೆ ಬೇರೆಯೇ ಕಾಣುತ್ತದೆ. 230 ವೋಲ್ಟಿನಲ್ಲಿ 1 ಆಂಪಿಯರ್ ಎಳೆಯುವ ಮೋಟಾರಿನ ಪವರ್ ಫ್ಯಾಕ್ಟರ್ 0.6 ಆಗಿದ್ದರೆ ಅದು ಬಳಸುವುದು 138 ವ್ಯಾಟ್. ಪೆಟ್ಟಿಗೆ ಹಾಕಿದ ಮೇಲೆ 0.6 ಆಂಪಿಯರ್, ಪವರ್ ಫ್ಯಾಕ್ಟರ್ 1 ಆದರೂ ಅದೇ 138 ವ್ಯಾಟ್. ಇಳಿದದ್ದು ಆಂಪಿಯರ್, ಉಳಿದದ್ದು ಏನೂ ಇಲ್ಲ. ಆದ್ದರಿಂದ ಯಾವುದೇ ಪ್ರದರ್ಶನವನ್ನು ನೋಡುವಾಗ ತೋರಿಸುತ್ತಿರುವ ಅಂಕಿ ಆಂಪಿಯರೋ ವ್ಯಾಟೋ ಎಂದು ಮೊದಲು ಗಮನಿಸಬೇಕು. ವ್ಯಾಟ್ ತೋರಿಸದ ವಿಡಿಯೊವನ್ನು ಅಲ್ಲಿಗೇ ಮುಚ್ಚಬಹುದು.

ಪೆಟ್ಟಿಗೆ ಈಗಾಗಲೇ ಮನೆಗೆ ಬಂದಿದ್ದರೆ, ಅಥವಾ ನೆರೆಯವರು ‘ನಮ್ಮಲ್ಲಿ ಬಿಲ್ ಇಳಿದಿದೆ’ ಎಂದು ಒತ್ತಿ ಹೇಳುತ್ತಿದ್ದರೆ, ವಾದ ಮಾಡುವುದಕ್ಕಿಂತ ಅಳೆದು ನೋಡುವುದು ಮೇಲು. ಇದಕ್ಕೆ ಬೇರೆ ಉಪಕರಣ ಬೇಡ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ, ಅದರ ಪಕ್ಕದಲ್ಲೋ ಕೆಳಗೋ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದು ಅಚ್ಚಾಗಿರುತ್ತದೆ. 3200 ಅಥವಾ 1600 ಎಂಬ ಸಂಖ್ಯೆಗಳು ಸಾಮಾನ್ಯ. ಮೊದಲು ಫ್ರಿಜ್, ಯುಪಿಎಸ್, ನೀರಿನ ಪಂಪುಗಳಂಥ ತಾವಾಗಿಯೇ ಶುರುವಾಗಿ ನಿಲ್ಲುವ ಉಪಕರಣಗಳ ಸ್ವಿಚ್ ಆರಿಸಿ. ಇಸ್ತ್ರಿಪೆಟ್ಟಿಗೆಯೂ ಈ ಪರೀಕ್ಷೆಗೆ ಬಾರದು, ಏಕೆಂದರೆ ಕಾದೊಡನೆ ಅದು ಒಳಗೇ ಕಡಿತಗೊಳ್ಳುತ್ತದೆ. ಎರಡು ಸೀಲಿಂಗ್ ಫ್ಯಾನುಗಳನ್ನು ಮಾತ್ರ ಪೂರ್ತಿ ವೇಗದಲ್ಲಿ ಹಾಕಿ ಹತ್ತು ನಿಮಿಷ ಬಿಡಿ. ಅನಂತರ ಒಂದು ಮಿಣುಕು ಕಂಡ ಕ್ಷಣದಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಮುಂದಿನ ಇಪ್ಪತ್ತು ಮಿಣುಕುಗಳಿಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದುಕೊಳ್ಳಿ. ಹಳೆಯ ಮಾದರಿಯ ಫ್ಯಾನು ತಲಾ 75 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, 3200ರ ಮೀಟರಿನಲ್ಲಿ ಏಳೂವರೆ ಸೆಕೆಂಡಿಗೊಂದು ಮಿಣುಕು, ಇಪ್ಪತ್ತಕ್ಕೆ 150 ಸೆಕೆಂಡ್ ಆಗಬೇಕು. ಈಗ ಪೆಟ್ಟಿಗೆಯನ್ನು ಸಿಕ್ಕಿಸಿ ಮತ್ತೆ ಎಣಿಸಿ. ಒಮ್ಮೆ ಪೆಟ್ಟಿಗೆ ಇಟ್ಟು, ಒಮ್ಮೆ ತೆಗೆದು, ಹೀಗೆ ಮೂರು ಸರದಿ ಮಾಡಿ; ಲೈನಿನ ವೋಲ್ಟೇಜ್ ಏರಿಳಿಯುವುದರಿಂದ ಒಂದೇ ಸಲದ ಎಣಿಕೆಯನ್ನು ನಂಬಬಾರದು. ಅರ್ಧದಷ್ಟು ಉಳಿತಾಯವಾಗುವುದಿದ್ದರೆ 150 ಸೆಕೆಂಡ್ 300 ಆಗಬೇಕು. ನಿಮ್ಮ ಹಾಳೆಯ ಮೇಲೆ ಕಾಣುವುದು ಮೂರು ನಾಲ್ಕು ಸೆಕೆಂಡುಗಳ ಆಚೀಚೆ ಮಾತ್ರ.

ಈ ಪರೀಕ್ಷೆಗೆ ಮಾರಾಟಗಾರರ ಬಳಿ ಒಂದು ಸಿದ್ಧ ಉತ್ತರವಿರುತ್ತದೆ: ಸಾಧನ ಮನೆಯ ವೈರಿಂಗನ್ನು ‘ಅರಿತುಕೊಳ್ಳಲು’ ಎರಡು ಮೂರು ತಿಂಗಳು ಬೇಕು. ಕೆಪಾಸಿಟರಿಗೆ ಕಲಿಯುವ ಶಕ್ತಿಯಿಲ್ಲ. ಅದು ಮಾಡುವ ಅಲ್ಪಸ್ವಲ್ಪ ಕೆಲಸವನ್ನೂ ಸಿಕ್ಕಿಸಿದ ಕ್ಷಣದಿಂದಲೇ ಮಾಡುತ್ತದೆ. ವಸ್ತುವನ್ನು ಹಿಂದಿರುಗಿಸುವ ಗಡುವು ಏಳೋ ಹತ್ತೋ ದಿನವಿದ್ದು, ಫಲಿತಾಂಶದ ಗಡುವು ತೊಂಬತ್ತು ದಿನವಿದ್ದರೆ ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಸಾಕು.

ಗ್ರಾಹಕರ ಅಭಿಪ್ರಾಯಗಳೆಂದು ಹಾಕುವ ಬಿಲ್ಲಿನ ಚಿತ್ರಗಳನ್ನೂ ಹೀಗೆಯೇ ಓದಬೇಕು. ಏಪ್ರಿಲ್ ತಿಂಗಳ ಬಿಲ್ಲನ್ನು ಜುಲೈ ಬಿಲ್ಲಿನ ಪಕ್ಕದಲ್ಲಿಟ್ಟರೆ ಪೆಟ್ಟಿಗೆ ಇಲ್ಲದೆಯೂ ಯೂನಿಟ್ ಇಳಿದೇ ಇರುತ್ತದೆ, ಏಕೆಂದರೆ ಮಳೆ ಬಿದ್ದ ಮೇಲೆ ಫ್ಯಾನು, ಕೂಲರ್, ಎಸಿ ಓಡುವುದು ಕಡಿಮೆ. ಹೋಲಿಸುವುದಾದರೆ ಹೋದ ವರ್ಷದ ಅದೇ ತಿಂಗಳನ್ನು, ರೂಪಾಯಿಯಲ್ಲಲ್ಲ, ಯೂನಿಟ್ಟಿನಲ್ಲಿ ಹೋಲಿಸಬೇಕು. ನಿಕೋಲಾ ಟೆಸ್ಲಾರ ಹೆಸರು, ಇಲಾನ್ ಮಸ್ಕ್ ಚಿತ್ರ, ವಿದ್ಯುತ್ ಕಂಪನಿಗಳು ಮುಚ್ಚಿಟ್ಟ ಆವಿಷ್ಕಾರದ ಕಥೆ, ಹತ್ತು ನಿಮಿಷದಲ್ಲಿ ಮುಗಿಯುವ ರಿಯಾಯಿತಿಯ ಗಡಿಯಾರ, ಇವೆಲ್ಲ ಕಂಡಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯವಿಲ್ಲ. ‘ಸರ್ಕಾರದ ಮಾನ್ಯತೆ ಪಡೆದದ್ದು’ ಎಂಬ ಮಾತನ್ನು ಮಾತ್ರ ಪರಿಶೀಲಿಸುವುದು ಒಳ್ಳೆಯದು. ಐಎಸ್‌ಐ ಗುರುತಿದ್ದರೆ ಅದರೊಂದಿಗೆ ಪರವಾನಗಿ ಸಂಖ್ಯೆ ಇರಲೇಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರಿಗೆ, ಯಾವ ವಸ್ತುವಿಗೆ ಕೊಟ್ಟದ್ದೆಂದು ತಿಳಿಯುತ್ತದೆ. ಬ್ಯೂರೊ ಆಫ್ ಎನರ್ಜಿ ಎಫಿಷಿಯನ್ಸಿಯ ನಕ್ಷತ್ರ ಪಟ್ಟಿ ಫ್ರಿಜ್, ಎಸಿ, ಫ್ಯಾನುಗಳಂಥ ಉಪಕರಣಗಳಿಗೆ ಸಿಗುತ್ತದೆ. ಬಿಲ್ ಇಳಿಸುವ ಪೆಟ್ಟಿಗೆಯ ಮೇಲೆ ಐದು ನಕ್ಷತ್ರ ಅಚ್ಚಾಗಿದ್ದರೆ ಅದು ಅಲಂಕಾರ.

ಇದೇ ಕುಲದ ಬೇರೆ ಸರಕುಗಳೂ ಇವೆ. ಸ್ವಿಚ್‌ಬೋರ್ಡಿಗೆ ಅಂಟಿಸುವ ‘ಉಳಿತಾಯದ ಕಾರ್ಡ್’ ವಿದ್ಯುತ್ ಹರಿಯುವ ಜಾಗವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಯುಎಸ್‌ಬಿ ತಂತಿಯಿಂದ ನಡೆಯುವ ‘ಮಿನಿ ಎಸಿ’ 5 ವೋಲ್ಟ್, 2 ಆಂಪಿಯರಿನಲ್ಲಿ 10 ವ್ಯಾಟ್ ಎಳೆಯುತ್ತದೆ. ಒಂದು ಟನ್ ಎಸಿ ಕೋಣೆಯಿಂದ ಹೊರಹಾಕುವ ಶಾಖವೇ ಸುಮಾರು 3500 ವ್ಯಾಟ್. ಮೇಜಿನ ಮೇಲೆ ಒದ್ದೆ ಗಾಳಿ ಬೀಸುವ ಪುಟ್ಟ ಫ್ಯಾನಿಗೆ ಎಸಿ ಎಂಬ ಹೆಸರಿಟ್ಟಿದ್ದಾರೆ, ಅಷ್ಟೆ. ಆದರೆ ಮೀಟರನ್ನೇ ನಿಧಾನ ಮಾಡುವುದಾಗಿ ಹೇಳುವ ಅಯಸ್ಕಾಂತ ಅಥವಾ ರಿಮೋಟ್ ಮಾರುವವರಿಂದ ದೂರವಿರಿ. ಅಲ್ಲಿ ಹೋಗುವುದು ಹಣವಷ್ಟೇ ಅಲ್ಲ. ಮೀಟರಿಗೆ ಕೈ ಹಾಕುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ವಿದ್ಯುತ್ ಕಳವು, ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ.

ಕೊಂಡದ್ದಾಗಿದೆ, ಇದ್ದರೇನು ನಷ್ಟ ಎಂದು ಪೆಟ್ಟಿಗೆಯನ್ನು ಸಾಕೆಟ್ಟಿನಲ್ಲೇ ಬಿಡುವವರೂ ಇದ್ದಾರೆ. ಅದರ ದೀಪ ಒಂದು ವ್ಯಾಟ್ ತಿಂದರೂ ತಿಂಗಳಿಗೆ ಮುಕ್ಕಾಲು ಯೂನಿಟ್ಟಿನಷ್ಟಾಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಬೆಂಕಿಯದು: ಅಗ್ಗದ ಕೆಪಾಸಿಟರ್, ತೆಳುವಾದ ಪ್ಲಾಸ್ಟಿಕ್, ಸಾಕೆಟ್ಟಿನಲ್ಲಿ ಸಡಿಲವಾಗಿ ಕೂರುವ ಪಿನ್ನುಗಳು, ಇವು ಹಗಲೂ ರಾತ್ರಿ 230 ವೋಲ್ಟಿನಲ್ಲಿ ಇರುವಂಥವು. ಮುಟ್ಟಿದರೆ ಬಿಸಿಯಾಗಿರುವ ಅಥವಾ ಗುಂಯ್ ಎನ್ನುವ ಪೆಟ್ಟಿಗೆಯನ್ನು ಸ್ವಿಚ್ ಆರಿಸಿ ತಕ್ಷಣ ಕಳಚಿ. ಕಳಚಿದೊಡನೆ ಅದರ ಪಿನ್ನುಗಳನ್ನು ಬೆರಳಿಂದ ಮುಟ್ಟಬೇಡಿ, ಕುತೂಹಲಕ್ಕೆ ಬಿಚ್ಚಲೂ ಬೇಡಿ. ಕೆಪಾಸಿಟರ್ ತನ್ನಲ್ಲಿ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಹುದು.

ಆ ಹಣ ಎಲ್ಲಿ ಫಲಿಸುತ್ತಿತ್ತು ಎಂಬುದಕ್ಕೆ ಒಂದು ಲೆಕ್ಕ. 75 ವ್ಯಾಟಿನ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಅದರ ಜಾಗದಲ್ಲಿ ಕಡಿಮೆ ವಿದ್ಯುತ್ ಬಳಸುವ ಮೋಟಾರಿರುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 11 ಯೂನಿಟ್ಟಿಗೂ ಕಡಿಮೆ. ಎರಡು ಕಿಲೋವ್ಯಾಟಿನ ಗೀಸರನ್ನು ದಿನವೂ ಕಾಲು ಗಂಟೆ ಬೇಗ ಆರಿಸಿದರೆ ತಿಂಗಳಿಗೆ 15 ಯೂನಿಟ್ ಉಳಿಯುತ್ತದೆ, ಅದೂ ಪುಕ್ಕಟೆಯಾಗಿ.

ಮೋಸ ಹೋದವರು ಸಂಕೋಚಪಡದೆ ದೂರು ಕೊಡಬೇಕು. ಮೊದಲು ಜಾಹೀರಾತಿನ ಪುಟ, ಹಣ ಕಟ್ಟಿದ ದಾಖಲೆ, ಪೊಟ್ಟಣದ ಮೇಲಿನ ವಿಳಾಸ, ನೀವು ಎಣಿಸಿ ಬರೆದ ಹಾಳೆ, ಇವುಗಳ ಚಿತ್ರ ತೆಗೆದಿಟ್ಟುಕೊಳ್ಳಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ತಾಣದಲ್ಲಿ ದೂರು ಅಧಿಕಾರಿಯೊಬ್ಬರಿದ್ದು, 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಅಲ್ಲಿ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೇ ಇಲ್ಲ. ಹಣ ಪಡೆದು ವಸ್ತುವನ್ನೇ ಕಳಿಸದೆ ತಾಣ ಮಾಯವಾಗಿದ್ದರೆ ಅದು ಸೈಬರ್ ವಂಚನೆ. ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇನ್ನು, ಬಳಕೆ ಹೆಚ್ಚದಿದ್ದರೂ ಯೂನಿಟ್ ಏರುತ್ತಲೇ ಇದ್ದರೆ, ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪ್ಲಗ್ಗುಗಳನ್ನೆಲ್ಲ ಕಳಚಿದ ಮೇಲೂ ಮೀಟರಿನ ದೀಪ ಮಿಣುಕುತ್ತದೆಯೇ ಎಂದು ನೋಡಿ. ಮಿಣುಕಿದರೆ ವೈರಿಂಗಿನಲ್ಲಿ ಸೋರಿಕೆಯಿರಬಹುದು ಅಥವಾ ಬೇರೆ ಯಾರದೋ ಸಂಪರ್ಕ ನಿಮ್ಮ ಮೀಟರಿನಿಂದ ಹೋಗಿರಬಹುದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಅಲ್ಲೂ ದೋಷ ಕಾಣದಿದ್ದರೆ ನಿಮ್ಮ ಎಸ್ಕಾಂನ ಉಪವಿಭಾಗದ ಕಚೇರಿಯಲ್ಲಿ ಆರ್‌ಆರ್ ಸಂಖ್ಯೆ ಬರೆದು, ಮೀಟರ್ ಪರೀಕ್ಷೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.